ಮೇದೋಜೀರಕ ಗ್ರಂಥಿಯ ಗಡ್ಡೆಗೆ ಕೀಹೋಲ್ ಶಸ್ತ್ರಚಿಕಿತ್ಸೆ

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ ನಾಲ್ಕೈದು ರಂಧ್ರಗಳಿಂದ ಕ್ಯಾಮೆರಾ, ಸಲಕರಣೆ ಇಳಿಸಿ ಮೇದೋಜೀರಕ ಗ್ರಂಥಿಯ ಗಡ್ಡೆಯನ್ನು ಬಿಡಿಸುವ ವಿಧಾನ. ಬಿಡಿಸಿದ ಭಾಗವನ್ನು ಹೊರತರಲು ಕಡೆಗೆ ಕೆಲವು ಸೆಂಟಿಮೀಟರ್ ಸೀಳು ಬೇಕೇ ಬೇಕು. ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಬನ್ನೇರುಘಟ್ಟ ರಸ್ತೆ ಮತ್ತು ಜೆ.ಪಿ. ನಗರದ ದೊಡ್ಡ ಖಾಸಗಿ ಆಸ್ಪತ್ರೆಗಳು ಹೀಗೆ ದಕ್ಷಿಣ ಬೆಂಗಳೂರಿನವರಿಗೆ ಆಯ್ಕೆಗಳು ಕೈಗೆಟಕುವಷ್ಟು ಹತ್ತಿರ. ಹಾಗಾಗಿ ಕೀಹೋಲೋ, ಓಪನ್ನೋ, ರೋಬೋಟೋ ಎಂದು ಮೊದಲು ಕೇಳುವುದು ಸಹಜ. ಆದರೆ ಫಲ ನಿಂತಿರುವುದು ಗಡ್ಡೆ ಕೂತ ಜಾಗದ ಮೇಲೆ, ಶಸ್ತ್ರಚಿಕಿತ್ಸೆ ಮಾಡುವ ತಂಡದ ಕೈ ಎಷ್ಟು ಪಳಗಿದೆ ಎಂಬುದರ ಮೇಲೆ.

ಗ್ರಂಥಿಯ ಬಾಲ ಎಡಕ್ಕೆ, ಗುಲ್ಮದ ಮಗ್ಗುಲಲ್ಲಿದೆ. ಅಲ್ಲಿನ ಗಡ್ಡೆ ತೆಗೆದ ಮೇಲೆ ಉಳಿದ ತುದಿಯನ್ನು ಮುಚ್ಚಿದರಾಯಿತು, ಏನನ್ನೂ ಮರಳಿ ಜೋಡಿಸಬೇಕಿಲ್ಲ. ಇಲ್ಲಿ ಕೀಹೋಲಿನ ಲಾಭ ಸ್ಪಷ್ಟ: ನೆದರ್‌ಲ್ಯಾಂಡ್ಸಿನ ಲೆಪರ್ಡ್ ಅಧ್ಯಯನದಲ್ಲಿ (2019) ಚೇತರಿಕೆಗೆ 4 ದಿನ ಹಿಡಿಯಿತು, ಹೊಟ್ಟೆ ತೆರೆದವರಿಗೆ 6 ದಿನ. ಕ್ಯಾನ್ಸರಿನ ಅಂಚು ಒಳಗೇ ಉಳಿದೀತೆಂಬ ಆತಂಕ ನ್ಯಾಯವಾದದ್ದೇ. ಆದರೆ ಡಿಪ್ಲೊಮಾ ಅಧ್ಯಯನದಲ್ಲಿ (2023) ಗಡ್ಡೆಯನ್ನು ಪೂರ್ತಿ ತೆಗೆಯುವುದರಲ್ಲಿ ಕೀಹೋಲ್ ಹಿಂದೆ ಬೀಳಲಿಲ್ಲ.

ತಲೆಭಾಗದ ಗಡ್ಡೆಯ ಕಷ್ಟವೇ ಬೇರೆ. ಅದು ಪಿತ್ತನಾಳವನ್ನು ಒತ್ತಿ ನೋವಿಲ್ಲದ ಕಾಮಾಲೆ ತರುತ್ತದೆ. ಅದನ್ನು ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆ, ಡುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶಗಳನ್ನು ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯಬೇಕು. ಗ್ರಂಥಿಯ ಹೊಲಿಗೆ ಸೋರಿದರೆ ಜೀರ್ಣರಸ ಪಕ್ಕದ ರಕ್ತನಾಳವನ್ನೇ ಕೊರೆಯಬಲ್ಲದು. ವಿಪಲ್ ಅನ್ನು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಕೀಹೋಲಿನಲ್ಲಿ, ಮಾಡಿದ್ದನ್ನು ಮಿಶೆಲ್ ಗ್ಯಾಗ್ನರ್ ಮತ್ತು ಆಲ್ಫನ್ಸ್ ಪಾಂಪ್ 1994ರಲ್ಲೇ ವರದಿ ಮಾಡಿದ್ದರು. ಆದರೂ ವಿಪಲ್ ಕುರಿತ ಡಚ್ಚರ ಲೆಪರ್ಡ್-2 ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು: 90 ದಿನಗಳೊಳಗೆ ಲ್ಯಾಪರೊಸ್ಕೋಪಿಯಾದ 50 ಜನರಲ್ಲಿ 5 ಮಂದಿ ತೀರಿಕೊಂಡರೆ, ಹೊಟ್ಟೆ ತೆರೆದ 49 ಜನರಲ್ಲಿ ಒಬ್ಬರು. ಕೊಯಮತ್ತೂರಿನ ಸಿ. ಪಳನಿವೇಲು ಅವರ ತಂಡದ 64 ರೋಗಿಗಳ ಅಧ್ಯಯನದಲ್ಲಿ (2017) ಆಸ್ಪತ್ರೆವಾಸ 13ರಿಂದ 7 ದಿನಕ್ಕೆ ಇಳಿಯಿತಲ್ಲ ಎಂದು ಕೇಳಬಹುದು. ಅದು ನಿಜ. ಆದರೆ ಅದು ಈ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದ ತಂಡ. ಲೆಪರ್ಡ್-2ರ ಡಚ್ ವೈದ್ಯರಿಗೆ ಕನಿಷ್ಠ 20 ಶಸ್ತ್ರಚಿಕಿತ್ಸೆಗಳ ಅನುಭವವಿದ್ದರೆ ಸಾಕಿತ್ತು. ಚೀನಾದ 656 ರೋಗಿಗಳ ಅಧ್ಯಯನದಲ್ಲಿ (2021) ಕನಿಷ್ಠ 104 ಬೇಕಿತ್ತು, ಅಲ್ಲಿ ಸಾವಿನ ಪ್ರಮಾಣ ಎರಡೂ ಗುಂಪಿನಲ್ಲಿ ಶೇ. 2. ಆದರೆ ಆಸ್ಪತ್ರೆವಾಸ ಕಡಿಮೆಯಾದದ್ದು ಒಂದೇ ದಿನ. ಆದ್ದರಿಂದ ತಲೆಭಾಗದ ಗಡ್ಡೆಗೆ, ಇದೇ ತಂಡ ಇದೇ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತದೆ ಎಂದು ಕೇಳುವುದು ಯಂತ್ರದ ಹೆಸರು ಕೇಳುವುದಕ್ಕಿಂತ ಮುಖ್ಯ. ರಕ್ತಸ್ರಾವವಾಗಿ ಅಥವಾ ಗಡ್ಡೆ ಪೋರ್ಟಲ್ ರಕ್ತನಾಳಕ್ಕೆ ಅಂಟಿಕೊಂಡಿದ್ದು ವೈದ್ಯರು ನಡುವೆ ಹೊಟ್ಟೆ ತೆರೆದರೆ ಅದು ಸೋಲಲ್ಲ, ಪ್ರಾಣ ಉಳಿಸುವ ತೀರ್ಮಾನ.