ಅಲುಗಾಡದ ಕೈ: ಜೇಬಿನ ಗಿಂಬಲ್‌ನ ಹಳೇ ಕಥಿ

1/7
ಗೆಳ್ಯಾರ, ಮೊದಲನೇ ಫೋಟೊ ನೋಡ್ರಿ. ಮಡಚಿದ್ರ ಪ್ಯಾಂಟಿನ ಜೇಬಿನ್ಯಾಗ ಹಿಡಿಸ್ತೈತಿ, ಬಿಚ್ಚಿದ್ರ ಮೊಬೈಲ್ ಹಿಡಿಯೋ ಕೈ ಆಗ್ತೈತಿ. ಇದು ಗಿಂಬಲ್. ಸಾಲಹಳ್ಳಿಗೆ ತಂದ ದಿನಾ ಓಣಿ ಹುಡುಗ್ರೆಲ್ಲಾ "ಇದು ಸೆಲ್ಫಿ ಸ್ಟಿಕ್ ಅಲ್ಲೇನು?" ಅಂತ ಕೇಳಿದ್ರು. ಅಲ್ಲ. ಸೆಲ್ಫಿ ಸ್ಟಿಕ್ ಮೊಬೈಲನ್ನ ದೂರ ಹಿಡಿತೈತಿ, ಅಷ್ಟ. ನಿಮ್ಮ ಕೈ ನಡುಗಿದ್ರೂ ಗಿಂಬಲ್ ಮೊಬೈಲನ್ನ ನಡುಗಾಕ ಬಿಡಂಗಿಲ್ಲ. ಇದರ ಇತಿಹಾಸ ಏಳು ಪೋಸ್ಟಿನ್ಯಾಗ ಹೇಳ್ತೀನಿ. ಕೊನೀಗೆ ನನ್ನದೊಂದು ತಪ್ಪೂ ಐತಿ, ಅದನ್ನೂ ಓದ್ರಿ.

2/7
ಇದು ಹೊಸಾದು ಅನ್ಕೊಂಡೀರೇನು? ಗ್ರೀಕ್ ತಂತ್ರಜ್ಞ ಬೈಜಾಂಟಿಯಂನ ಫಿಲೋ ಕ್ರಿಸ್ತಪೂರ್ವ 3ನೇ ಶತಮಾನದವನು. ಅವನ ಹೆಸರಿನಲ್ಲಿ ಉಳಿದು ಬಂದ ಗ್ರಂಥದಲ್ಲಿ ಎಂಟು ಮುಖದ ಒಂದು ಮಸಿ ಕುಡಿಕೆಯ ವರ್ಣನೆ ಇದೆ. ಹೆಂಗ ಹೊರಳಿಸಿದ್ರೂ ಮಸಿ ಚೆಲ್ಲಂಗಿಲ್ಲ. ಒಳಗೆ ಒಂದರೊಳಗೊಂದು ತಿರುಗುವ ಬಳೆಗಳು, ನಡುವೆ ಮಸಿಯ ಬಟ್ಟಲು. ಚೀನಾದಲ್ಲಿ ಕ್ರಿ.ಶ. 180ರ ಸುಮಾರಿಗೆ ಡಿಂಗ್ ಹುವಾನ್ ಎಂಬ ಕುಶಲಕರ್ಮಿ ಇಂಥದ್ದೇ ಬಳೆಗಳಿಂದ ಹಾಸಿಗೆಯಲ್ಲಿ ಇಡುವ ಧೂಪದ ಪಾತ್ರೆ ಮಾಡಿದ. ಹೊರಳಿದ್ರೂ ಕೆಂಡ ಬೀಳಂಗಿಲ್ಲ. ಮುಂದೆ ಹಡಗಿನ ದಿಕ್ಸೂಚಿಗೂ ಇದೇ ಬಳೆ ಬಂತು. ಸುತ್ತಲಿಂದು ಎಷ್ಟ ಅಲುಗಾಡಿದ್ರೂ ನಡುವಿಂದು ನೆಟ್ಟಗ ಇರಬೇಕು. ಗಿಂಬಲ್ ಅಂದ್ರ ಇಷ್ಟ.

3/7
ಈಗ ನಮ್ಮ ಕಡೆ ಬರ್ರಿ. ಬೆಳಗಾವಿ, ನಿಪ್ಪಾಣಿ ದಾಟಿದ್ರ ಕೊಲ್ಹಾಪುರ. ಅಲ್ಲಿ ಬಾಬುರಾವ್ ಪೇಂಟರ್ 1918ರ ಹೊತ್ತಿಗೆ ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಸ್ವಂತ ಸಿನಿಮಾ ಕ್ಯಾಮೆರಾ ತಯಾರಿಸಿದರು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ 16 ಚಿತ್ರ. ಒಂದು ಕೈ ಹಿಂಗ ತಿರುಗ್ತಿದ್ರ ಕ್ಯಾಮೆರಾ ಹಿಡಕೊಂಡು ನಡಿಯೋದು ಎಲ್ಲಿಂದ ಬಂತು? ಅದಕ್ಕ ಕ್ಯಾಮೆರಾ ಮೂರು ಕಾಲಿನ ಮ್ಯಾಲೆ ನಿಲ್ತಿತ್ತು, ನಟರು ಅದರ ಮುಂದೆ ಓಡಾಡ್ತಿದ್ರು.

ಇದೇ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣವಾಯಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. 1934ರ ಮಾರ್ಚ್ 3ರಂದು ಬಿಡುಗಡೆ. ಈ ಚಿತ್ರದ ಹೆಸರು ನೆನಪಿಟ್ಕೋರಿ, ಕೊನೀಗೆ ಮತ್ತ ಬರ್ತೈತಿ.

4/7
ನಿಂತ ಕ್ಯಾಮೆರಾ ನಡಿಬೇಕಂದ್ರ ಹಳಿ ಬೇಕಾತು. ನೆಲದ ಮೇಲೆ ಹಳಿ ಹಾಸಿ, ಅದರ ಮೇಲೆ ಟ್ರಾಲಿ, ಟ್ರಾಲಿ ಮೇಲೆ ಕ್ಯಾಮೆರಾ, ಹಿಂದೆ ತಳ್ಳುವ ಮಂದಿ. ಈ ಕೆಲಸದಲ್ಲಿ ಕನ್ನಡಿಗರ ಒಂದು ದೊಡ್ಡ ಹೆಸರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ನೋಡ್ರಿ, ಕ್ಯಾಮೆರಾ ಪಾತ್ರದ ಮುಖದ ಕಡೆ ಎಷ್ಟ ಮೆತ್ತಗ ಸರಿತೈತಿ! 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರಲ್ಲಿ ಅದನ್ನು ಪಡೆದ ಮೊದಲಿಗರು ಅವರೇ. ಆದ್ರ ಹಳಿ, ಟ್ರಾಲಿ, ಮಂದಿ ಎಲ್ಲಾದಕ್ಕೂ ರೊಕ್ಕ ಬೇಕು. ಹಳ್ಳಿ ಹುಡುಗ ಎಲ್ಲಿಂದ ತರಬೇಕು?

5/7
ಹಳಿ ಬಿಡಿಸಿದವ ಅಮೆರಿಕದ ಗ್ಯಾರೆಟ್ ಬ್ರೌನ್. 1975ರ ಹೊತ್ತಿಗೆ ಸ್ಟೆಡಿಕ್ಯಾಮ್ ಮಾಡಿದ. ಮೈಗೆ ಕಟ್ಟುವ ಜಾಕೆಟ್, ಅದಕ್ಕೆ ಸ್ಪ್ರಿಂಗಿನ ತೋಳು, ತೋಳಿನ ತುದಿಗೆ ಗಿಂಬಲ್, ಮೇಲೆ ಕ್ಯಾಮೆರಾ, ಕೆಳಗೆ ತೂಕಕ್ಕೆ ಬ್ಯಾಟರಿ. 1976ರ 'ರಾಕಿ'ಯಲ್ಲಿ ನಾಯಕ ಫಿಲಡೆಲ್ಫಿಯಾದ ಮೆಟ್ಟಿಲು ಓಡಿ ಹತ್ತೋದು ಇದರ ಜೋಡಿನ ತೆಗೆದದ್ದು.

ನನಗ ಇದನ್ನ ಓದಿದಾಗ ನೆನಪಾದದ್ದು ನಮ್ಮೂರ ಹೆಣ್ಮಕ್ಕಳು. ತಲಿ ಮ್ಯಾಲೆ ಸಿಂಬಿ, ಸಿಂಬಿ ಮ್ಯಾಲೆ ತುಂಬಿದ ಕೊಡ, ಕಾಲಾಗ ಕಲ್ಲು ಮುಳ್ಳು. ಮೊಣಕಾಲು, ನಡ, ಕುತಿಗಿ ಎಲ್ಲಾ ಅಲುಗಾಟ ನುಂಗ್ತಾವ. ಕೊಡದಾಗಿನ ನೀರು ಮಾತ್ರ ತುಳುಕಂಗಿಲ್ಲ.

6/7
ನಿಮ್ಮ ಜೇಬಿಗೆ ಬಂದದ್ದು ಹೆಂಗ? 2010ರಲ್ಲಿ ಐಫೋನ್ 4ರೊಳಗೆ ಚಿಕ್ಕ ಚಿಪ್ಪಿನ ರೂಪದಲ್ಲಿ ಗೈರೊಸ್ಕೋಪ್ ಬಂತು. ಇಂಥದೇ ಚಿಪ್ಪು ಗಿಂಬಲ್ ಒಳಗೂ ಇರ್ತೈತಿ. ಎಡಬಲ ತಿರುಗಿದ್ದು, ಮೇಲೆ ಕೆಳಗೆ ಬಾಗಿದ್ದು, ಓರೆ ಆಗಿದ್ದು, ಮೂರನ್ನೂ ಅದು ಗುರುತು ಹಿಡಿತೈತಿ. ಮೂರು ಸಣ್ಣ ಮೋಟಾರ್ ತಕ್ಷಣ ಉಲ್ಟಾ ತಿರುಗ್ತಾವ. 2016ರಲ್ಲಿ ಚೀನಾದ ಡಿಜೆಐ ಕಂಪನಿ ಮೊಬೈಲಿಗಂತ ಓಸ್ಮೊ ಮೊಬೈಲ್ ತಂತು. 2019ರ ಓಸ್ಮೊ ಮೊಬೈಲ್ 3 ಮಡಚುವಂಥಾದ್ದು, ತೂಕ 405 ಗ್ರಾಂ. ಅರ್ಧ ಕೆಜಿ ಸುದ್ದಾ ಇಲ್ಲ!

ಆದ್ರ ಒಂದು ತಿಳ್ಕೊರಿ. ಗಿಂಬಲ್ ತಡಿಯೋದು ತಿರುಗಾಟ, ಓರೆ. ನಡಿಯುವಾಗ ಮೈ ಮ್ಯಾಲೆ ಕೆಳಗ ಆಗ್ತೈತಲ್ಲ, ಅದನ್ನ ಇದು ತಡಿಯಂಗಿಲ್ಲ. ಮೊಣಕಾಲು ಸ್ವಲ್ಪ ಮಡಚಿ, ಹಿಮ್ಮಡಿಯಿಂದ ಮೆತ್ತಗ ಹೆಜ್ಜಿ ಇಡ್ರಿ. ಕೊಡ ಹೊತ್ತವರು ನಡದಂಗ ನಡೀರಿ, ವಿಡಿಯೊ ಬೆಣ್ಣಿಯಂಗ ಬರ್ತೈತಿ.

7/7
ಈಗ ನನ್ನ ತಪ್ಪು. ನಮ್ಮಜ್ಜಿಗೆ ಬೀಸುಕಲ್ಲಿನ ಪದ ಬಾಳ ಬರ್ತಿದ್ವು. ಒಂದು ಮುಂಜಾನೆ ಮೊಬೈಲ್ ಹಿಡದೆ. ಕೈ ನಡುಗಿ, ಕಲ್ಲು ಒಂದ್ ಕಡೆ, ಅಜ್ಜಿ ಮಾರಿ ಒಂದ್ ಕಡೆ. ನಾಲ್ವತ್ತು ಸೆಕೆಂಡಿಗೆ ನಿಲ್ಲಿಸಿ, "ಅಜ್ಜಿ, ಗಿಂಬಲ್ ತಗೊಂಡಮ್ಯಾಲೆ ಚಂದಂಗ ತಗಿಯೂಣು" ಅಂದೆ. "ಅಲ್ಲೀತನಕ ನಾ ಇರಬೇಕಲ್ಲೊ ತಮ್ಮಾ" ಅಂತ ನಕ್ಕಳು. ಗಿಂಬಲ್ ಬಂತು. ಅಜ್ಜಿ ಇಲ್ಲ. ಅವಳ ದನಿ ಅಂತ ನಮ್ಮ ಮನ್ಯಾಗ ಉಳಿದದ್ದು ಆ ನಡುಗೋ ನಾಲ್ವತ್ತು ಸೆಕೆಂಡು ಅಷ್ಟ. ನಮ್ಮವ್ವ ಈಗ್ಲೂ ಅದನ್ನ ಹಾಕ್ಕೊಂಡು ಕೂಡ್ತಾಳ. ಅಲುಗಾಡ್ತೈತಿ ಅಂತ ಒಂದ ದಿನಾನೂ ಅಂದಿಲ್ಲ.

'ಸತಿ ಸುಲೋಚನಾ' ನೆನಪೈತಲ್ಲ? ದೊಡ್ಡ ಸ್ಟುಡಿಯೊ, ದೊಡ್ಡ ಕಲಾವಿದರು. ಆದ್ರ ಇವತ್ತು ನೋಡೂಣಂದ್ರ ಅದರ ಪ್ರತಿನೇ ಇಲ್ಲ. ಚಂದಂಗ ತಗದ್ರ ಸಾಲಂಗಿಲ್ಲ, ಕಾದೂ ಇಡಬೇಕು.

ಗಿಂಬಲ್ ಇದ್ರ ತಗೊಂಡು ಹೋಗ್ರಿ, ಇಲ್ಲಾಂದ್ರ ಗ್ವಾಡಿಗೆ ಬೆನ್ನು ಹಚ್ಚಿ, ಎರಡೂ ಮೊಣಕೈ ಎದಿಗೆ ಒತ್ತಿ ಹಿಡೀರಿ. ಗೊಡಚಿ ಜಾತ್ರಿ ಇರಲಿ, ಮನ್ಯಾಗಿನ ಅಜ್ಜನ ಕಥಿ ಇರಲಿ, ಈ ವಾರನ ತಗೀರಿ. ಎರಡು ಕಡೆ ಕಾಪಿ ಇಡ್ರಿ. ಯಾರ ದನಿ ಮೊದಲ ಹಿಡಿತೀರಿ, ಕಮೆಂಟಿನ್ಯಾಗ ಹೇಳ್ರಿ.

#ಸಾಲಹಳ್ಳಿ #ರಾಮದುರ್ಗ #ಗಿಂಬಲ್ #ಮೊಬೈಲ್‌ಸಿನಿಮಾ #ಕನ್ನಡಇತಿಹಾಸ