ಹರಿಗೋಲಿನ ದುರಸ್ತಿ

ಹರಿಗೋಲಿನ ದುರಸ್ತಿ ಎಂದರೆ ಬಿದಿರಿನ ಹೆಣಿಗೆಯ ಮೇಲೆ ನೀರು ತೂರದ ಹೊದಿಕೆ ಹೊಂದಿರುವ ದುಂಡನೆಯ ದೋಣಿಯನ್ನು ಅದನ್ನು ಬಳಸುವವರೇ ಸರಿಪಡಿಸಿಕೊಳ್ಳುವ ಕೆಲಸ. ಹರಿಗೋಲಿಗೆ ತಮಿಳಿನಲ್ಲಿ ಪರಿಸಲ್, ತೆಲುಗಿನಲ್ಲಿ ಪುಟ್ಟಿ ಎಂಬ ಹೆಸರುಗಳಿವೆ. ಕರ್ನಾಟಕದಲ್ಲಿ ತುಂಗಭದ್ರಾ ಮತ್ತು ಕಾವೇರಿ ನದಿಗಳ ಹರಿಗೋಲುಗಳು ಪ್ರಸಿದ್ಧವಾಗಿವೆ. ಒಳನಾಡಿನ ಕೆರೆ ಹಾಗೂ ಜಲಾಶಯಗಳಲ್ಲಿ ಮೀನು ಹಿಡಿಯಲು ಸಹ ಇವು ಬಳಕೆಯಲ್ಲಿವೆ. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡದಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ನೀರು ವರ್ಷವೆಲ್ಲ ನಿಲ್ಲದ ಕಾರಣ, ಹರಿಗೋಲು ನೀರಿನಲ್ಲಿ ಸವೆಯುವುದಕ್ಕಿಂತ ದಡದಲ್ಲಿ ಒಣಗಿ ಕೆಡುವುದೇ ಹೆಚ್ಚು.

ಹಿನ್ನೆಲೆ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ನದಿ ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತವೆ ಎಂಬುದನ್ನೂ ಗಮನಿಸಿದ್ದಾನೆ. ಚರ್ಮದ ಸ್ಥಾನಕ್ಕೆ ಮುಂದೆ ಟಾರ್ಪಾಲಿನ್, ಪ್ಲಾಸ್ಟಿಕ್ ಚೀಲಗಳ ಹೊದಿಕೆ ಹಾಗೂ ಡಾಂಬರು ಬಂದವು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕೊರಕಲ್ ದೋಣಿಗಳಲ್ಲಿಯೂ ಚರ್ಮದ ಬದಲು ಡಾಂಬರು ಬಳಿದ ಬಟ್ಟೆ ಬಂದಿತು. ಇರಾಕಿನ ಟೈಗ್ರಿಸ್ ನದಿಯ ಗುಫಾ ಎಂಬ ದುಂಡು ದೋಣಿಗೂ ಕಲ್ಲರಗನ್ನು ಬಳಿಯುತ್ತಿದ್ದರು. ಇತ್ತೀಚಿನ ದಶಕಗಳಲ್ಲಿ ಫೈಬರ್ ಗ್ಲಾಸ್ ಹರಿಗೋಲುಗಳು ಪ್ರಚಾರಕ್ಕೆ ಬಂದಿವೆ.

ಬಿದಿರಿನ ಹರಿಗೋಲಿನಲ್ಲಿ ಹಂದರ ಮತ್ತು ಹೊದಿಕೆ ಬೇರೆ ಬೇರೆಯಾಗಿರುತ್ತವೆ. ಒಂದು ಕೆಟ್ಟರೆ ಇನ್ನೊಂದನ್ನು ಉಳಿಸಿಕೊಳ್ಳಬಹುದು. ಮಚ್ಚು, ದಬ್ಬಣ, ಹುರಿ ಮತ್ತು ಡಾಂಬರು ಇದ್ದರೆ ಹಳ್ಳಿಯಲ್ಲಿಯೇ ದುರಸ್ತಿ ಸಾಧ್ಯವಾಗುವುದು ಈ ರಚನೆಯಿಂದಲೇ.

ಬಯಲುಸೀಮೆಯ ಸಮಸ್ಯೆ

ಕೊರಟಗೆರೆ ತಾಲ್ಲೂಕಿನ ತೀತಾ ಜಲಾಶಯ ಜಯಮಂಗಲಿ ನದಿಯನ್ನು ಅವಲಂಬಿಸಿದೆ. ಸಿರಾ ತಾಲ್ಲೂಕಿನ ಕಳ್ಳಂಬೆಳ್ಳ ಮತ್ತು ಸಿರಾ ಕೆರೆಗಳಿಗೆ ಹೇಮಾವತಿ ನಾಲೆಯಿಂದ ನೀರು ಹರಿಸಲಾಗುತ್ತದೆ. ಉಳಿದ ಅನೇಕ ಕೆರೆಗಳು ಮಳೆಯನ್ನೇ ನಂಬಿವೆ. ಬರಗಾಲದಲ್ಲಿ ಹರಿಗೋಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದಡದಲ್ಲಿರುತ್ತದೆ. ಆಗ ಬಿಸಿಲಿಗೆ ಡಾಂಬರು ಬಿರಿಯುತ್ತದೆ, ಪ್ಲಾಸ್ಟಿಕ್ ಹೊದಿಕೆ ಪುಡಿಯಾಗುತ್ತದೆ, ಬಿದಿರಿಗೆ ಗೆದ್ದಲು ಮತ್ತು ಕೊರೆಯುವ ಹುಳು ಹತ್ತುತ್ತವೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಹೀಗೆ ಕೆರೆಗಳು ಒಮ್ಮೆಲೇ ತುಂಬಿದಾಗ, ಹಳೆಯ ಹರಿಗೋಲನ್ನು ಪರೀಕ್ಷಿಸದೆ ನೀರಿಗಿಳಿಸುವುದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.

ಪರೀಕ್ಷೆ

ಹರಿಗೋಲನ್ನು ಬಿಸಿಲಿನಲ್ಲಿ ಬೋರಲಾಗಿ ಎತ್ತಿ ಹಿಡಿದು ಒಳಗಿನಿಂದ ನೋಡಿದರೆ, ತೂತುಗಳಿರುವೆಡೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವುಗಳನ್ನು ಸುಣ್ಣದಿಂದ ಗುರುತು ಮಾಡಿಕೊಳ್ಳಲಾಗುತ್ತದೆ. ಬಳಿಕ ಪ್ರತಿಯೊಂದು ದಬ್ಬೆಯನ್ನೂ ಹೆಬ್ಬೆರಳಿನಿಂದ ಒತ್ತಿ, ತಟ್ಟಿ ನೋಡಬೇಕು. ಬಿಳಿ ಹುಡಿ ಉದುರಿದರೆ ಹುಳು ಹತ್ತಿದೆ ಎಂದರ್ಥ. ಎಲ್ಲಕ್ಕಿಂತ ಮುಖ್ಯವಾದುದು ಮೇಲಂಚಿನ ಬಳೆ. ಹಂದರದ ಆಕಾರ ಉಳಿಯುವುದು ಅದರ ಬಿಗಿಯಿಂದ. ಬಳೆ ಹಲವೆಡೆ ಮುರಿದಿದ್ದರೆ ಅಥವಾ ಹೆಚ್ಚಿನ ದಬ್ಬೆಗಳಿಗೆ ಹುಳು ಹತ್ತಿದ್ದರೆ ದುರಸ್ತಿಗಿಂತ ಹೊಸ ಹರಿಗೋಲೇ ಲೇಸು.

ಹಂದರದ ದುರಸ್ತಿ

ಮುರಿದ ದಬ್ಬೆಯನ್ನು ಕಿತ್ತರೆ ಸುತ್ತಲಿನ ಹೆಣಿಗೆ ಸಡಿಲವಾಗುತ್ತದೆ. ಆದುದರಿಂದ ಅದರ ಪಕ್ಕದಲ್ಲಿಯೇ ಹೊಸ ದಬ್ಬೆಯನ್ನು ತೂರಿಸಿ, ಮುರಿದ ಸ್ಥಳದ ಎರಡೂ ಕಡೆ ಎರಡು ಮೂರು ಹೆಣಿಗೆಗಳನ್ನು ದಾಟುವಂತೆ ಚಾಚಿ ಹುರಿಯಿಂದ ಕಟ್ಟಲಾಗುತ್ತದೆ. ಎಳೆಯ ಬಿದಿರು ಇದಕ್ಕೆ ತಕ್ಕುದಲ್ಲ; ಕನಿಷ್ಠ ಮೂರು ವರ್ಷ ಬಲಿತಿರಬೇಕು. ಸೀಳಿದ ಬಿದಿರನ್ನು ನೀರಿನಲ್ಲಿ ನೆನೆಸಿದರೆ ಅದು ಸುಲಭವಾಗಿ ಬಾಗುತ್ತದೆ. ಹೆಚ್ಚು ದಿನ ನೆನೆಸಿದರೆ ಹುಳುವನ್ನು ಆಕರ್ಷಿಸುವ ಪಿಷ್ಟದ ಅಂಶವೂ ಕಡಿಮೆಯಾಗುತ್ತದೆ. ನೆನೆದ ದಬ್ಬೆ ಚೆನ್ನಾಗಿ ಒಣಗಿದ ಮೇಲೆಯೇ ಹೊದಿಕೆ ಹಾಕಬೇಕು.

ಹೊದಿಕೆಯ ದುರಸ್ತಿ

ಹರಿದ ಭಾಗದ ಸುತ್ತ ಎದ್ದುಬಂದ ಹಳೆಯ ಡಾಂಬರನ್ನು ಕೆರೆದು, ಧೂಳು ಒರೆಸಿ, ಒಣಗಿಸಬೇಕು. ಹರಿದ ಭಾಗಕ್ಕಿಂತ ಎಲ್ಲ ಕಡೆಯೂ ಅಂಗೈಯಗಲ ದೊಡ್ಡದಾದ ಗಟ್ಟಿ ಬಟ್ಟೆಯ ತೇಪೆಯನ್ನು ಬಿಸಿ ಡಾಂಬರಿನ ಮೇಲೆ ಒತ್ತಿ, ಅದರ ಮೇಲೆ ಮತ್ತೊಂದು ಪದರ ಬಳಿಯಲಾಗುತ್ತದೆ. ಕಾದ ಡಾಂಬರಿಗೆ ನೀರು ಬಿದ್ದರೆ ಅದು ಸಿಡಿಯುತ್ತದೆ. ಒದ್ದೆಯಾದ ಪಾತ್ರೆ, ಕೋಲು ಮತ್ತು ಬಟ್ಟೆಗಳನ್ನು ಬಳಸಬಾರದು. ಪ್ರತಿ ವರ್ಷವೂ ಪದರದ ಮೇಲೆ ಪದರ ಬಳಿದರೆ ಹರಿಗೋಲು ಭಾರವಾಗಿ, ಹೊರುವ ಶಕ್ತಿ ಕುಗ್ಗುತ್ತದೆ. ಆಗ ಹೊದಿಕೆಯನ್ನು ಪೂರ್ತಿ ತೆಗೆದು ಹೊಸದನ್ನು ಹಾಕುವುದೇ ಸರಿ.

ಫೈಬರ್ ಗ್ಲಾಸ್ ಹರಿಗೋಲಿಗೆ ಗೆದ್ದಲು ಹತ್ತುವುದಿಲ್ಲ. ಆದರೆ ಬಿರುಕು ಬಿಟ್ಟರೆ ಗಾಜಿನ ನಾರಿನ ಹಾಸು, ರಾಳ ಹಾಗೂ ಗಟ್ಟಿಕಾರಕವನ್ನು ಪೇಟೆಯಿಂದ ತರಬೇಕು. ಬಿರುಕನ್ನು ಉಜ್ಜಿ ಒರಟು ಮಾಡಿ ಒಣಗಿಸಿದ ನಂತರವೇ ತೇಪೆ ಹಿಡಿಯುತ್ತದೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮುಖಗವಸು ಮತ್ತು ಕೈಗವಸು ಅಗತ್ಯ.

ಸುಧಾರಣೆಗಳು

ಹಳೆಯ ಹರಿಗೋಲಿಗೆ ಅಲ್ಪ ವೆಚ್ಚದಲ್ಲಿ ಮಾಡಬಹುದಾದ ಉಪಯುಕ್ತ ಸುಧಾರಣೆಯೆಂದರೆ ಅಂಚಿನ ಕೆಳಗೆ, ಒಳಬದಿಯಲ್ಲಿ ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನುಗಳನ್ನು ಕಟ್ಟುವುದು. ಮುಳುಗಿದ 20 ಲೀಟರಿನ ಒಂದು ಕ್ಯಾನು ಸುಮಾರು 20 ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯುತ್ತದೆ. ಹೀಗಾಗಿ ನೀರು ತುಂಬಿದ ಹರಿಗೋಲೂ ತಳ ಸೇರದೆ ಹಿಡಿದುಕೊಳ್ಳಲು ಆಸರೆಯಾಗುತ್ತದೆ. ಅಂಚಿನ ಸುತ್ತ ಹಗ್ಗ ಕಟ್ಟುವುದು ಹಾಗೂ ಹೊರಮೈಯಲ್ಲಿ ಭಾರದ ಮಿತಿಯ ಗೆರೆ ಎಳೆಯುವುದು ಸಹ ಉಪಯುಕ್ತ. ಇವು ಜೀವರಕ್ಷಕ ಅಂಗಿಗೆ ಬದಲಿಯಲ್ಲ.

ನೀರಿಗಿಳಿಸುವುದು ಮತ್ತು ಸಂರಕ್ಷಣೆ

ದುರಸ್ತಿಯಾದ ಹರಿಗೋಲನ್ನು ಮೊದಲು ಮೊಣಕಾಲುದ್ದದ ನೀರಿನಲ್ಲಿ, ಜನರ ಬದಲು ಮರಳಿನ ಚೀಲಗಳನ್ನು ಹೇರಿ, ಅರ್ಧ ಗಂಟೆ ನಿಲ್ಲಿಸಿ ನೋಡುವುದು ಸುರಕ್ಷಿತ. ನೀರು ಜಿನುಗಿದರೆ ಹೊರತೆಗೆದು ಒಣಗಿಸಿ ಪುನಃ ತೇಪೆ ಹಾಕಬೇಕು. ಕೆರೆ ಬತ್ತಿದ ಕಾಲದಲ್ಲಿ ಹರಿಗೋಲನ್ನು ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಬೋರಲಾಗಿ ಇರಿಸಿ ಆಗಾಗ ನೋಡಿಕೊಳ್ಳುತ್ತಿದ್ದರೆ, ಮುಂದಿನ ಮಳೆಯ ಹೊತ್ತಿಗೆ ಮಾಡಬೇಕಾದ ದುರಸ್ತಿ ಬಹುಮಟ್ಟಿಗೆ ಕಡಿಮೆಯಾಗುತ್ತದೆ.