ಬಳ್ಳಿಯ ಒಡಲಿನ ಶಿಲುಬೆ

ನಮ್ಮ ಕವಿಗಳ ಲೋಕದಲ್ಲಿ ಬಳ್ಳಿಯೆಂದರೆ ಅಬಲೆ. ಅದಕ್ಕೊಂದು ಮರದ ಆಸರೆ ಬೇಕು. ಕಾಳಿದಾಸನ ಶಾಕುಂತಲದಲ್ಲಿ ವನಜ್ಯೋತ್ಸ್ನೆಯೆಂಬ ನವಮಲ್ಲಿಕೆ ಮಾವಿನ ಮರವನ್ನು ವರಿಸಿದ ವಧು. ಈ ಕಲ್ಪನೆ ಎಷ್ಟು ಸೊಗಸಾದುದೋ ಅಷ್ಟೇ ಅಪೂರ್ಣವಾದುದು. ಉಷ್ಣವಲಯದ ಕಾಡುಗಳಲ್ಲಿ ಮನುಷ್ಯನ ತೋಳಿನಷ್ಟು, ಕೆಲವೊಮ್ಮೆ ತೊಡೆಯಷ್ಟು ದಪ್ಪವಾಗಿ ಬೆಳೆದು, ಮರದಿಂದ ಮರಕ್ಕೆ ಹಬ್ಬಿ, ಅವುಗಳ ನೆತ್ತಿಗಳನ್ನೇ ಒಂದಕ್ಕೊಂದು ಕಟ್ಟಿಹಾಕುವ ಮರಬಳ್ಳಿಗಳಿವೆ. ಆಸರೆಯ ಮರ ಉರುಳಿದಾಗ ಇವೂ ಅದರೊಡನೆ ನೆಲಕ್ಕೆ ಬೀಳುತ್ತವೆ, ತಿರುಚಿಕೊಳ್ಳುತ್ತವೆ, ಸೀಳುತ್ತವೆ. ಆದರೂ ಎಷ್ಟೋ ಬಾರಿ ಸಾಯದೆ ಮತ್ತೆ ಚಿಗುರುತ್ತವೆ. ಅಬಲೆಗೆ ಈ ಬಲವೆಲ್ಲಿಂದ ಬಂತು?

ಉತ್ತರಕ್ಕಾಗಿ ಮೊದಲು ತೊಗಟೆಯ ಕಥೆಯನ್ನು ಕೇಳಬೇಕು. 17ನೆಯ ಶತಮಾನದಲ್ಲಿ ಇಟಲಿಯ ಮಾಲ್ಪೀಘಿ ಎಂಬ ವೈದ್ಯನು ಕಾಂಡದಿಂದ ಉಂಗುರದಂತೆ ತೊಗಟೆಯನ್ನು ಸುಲಿದು ನೋಡಿದನು. ಗಾಯದ ಮೇಲ್ಭಾಗ ಊದಿಕೊಂಡಿತು. ಎಲೆಗಳಲ್ಲಿ ಸಿದ್ಧವಾದ ಆಹಾರ ತೊಗಟೆಯ ಹಾದಿಯಾಗಿಯೇ ಕೆಳಗಿಳಿಯುತ್ತದೆ ಎಂಬುದಕ್ಕೆ ಅದು ಸೂಚನೆಯಾಯಿತು. 1837ರಲ್ಲಿ ಜರ್ಮನಿಯ ಹಾರ್ಟಿಗ್ ಆ ಹಾದಿಯ ಜರಡಿನಾಳಗಳನ್ನು ಗುರುತಿಸಿದನು. 1858ರಲ್ಲಿ ನೇಗೆಲಿಯು ತೊಗಟೆ ಎಂಬರ್ಥದ ಗ್ರೀಕ್ ಪದದಿಂದ ಈ ಅಂಗಾಂಶಕ್ಕೆ ಫ್ಲೋಯಮ್ ಎಂದು ಹೆಸರಿಟ್ಟನು. ಸಾಮಾನ್ಯ ಮರದಲ್ಲಿ ಇದರ ವ್ಯವಸ್ಥೆ ಸರಳ. ಕೇಂಬಿಯಮ್ ಎಂಬ ತೆಳುವಾದ ಪದರವೊಂದು ಒಳಗಡೆಗೆ ಗಟ್ಟಿ ಮರವನ್ನೂ ಹೊರಗಡೆಗೆ ಮೃದುವಾದ ಫ್ಲೋಯಮನ್ನೂ ಹೆರುತ್ತ ಹೋಗುತ್ತದೆ. ಮರ ಒಳಗೆ, ತೊಗಟೆ ಹೊರಗೆ, ಇದು ಕಟ್ಟಳೆ.

ಮರಬಳ್ಳಿಗಳು ಮೀರಿದುದು ಈ ಕಟ್ಟಳೆಯನ್ನೇ. ದಕ್ಷಿಣ ಅಮೆರಿಕದ ಬಿಗ್ನೋನಿಯ ಜಾತಿಯ ಬಳ್ಳಿಯೊಂದನ್ನು ಅಡ್ಡಲಾಗಿ ಕೊಯ್ದರೆ ನಡುವೆ ಶಿಲುಬೆಯ ಆಕೃತಿ ಕಾಣುತ್ತದೆ. ಮೃದುವಾದ ಫ್ಲೋಯಮ್ ನಾಲ್ಕು ದಿಕ್ಕುಗಳಿಂದ ಬೆಣೆಯಂತೆ ಮರದೊಳಕ್ಕೆ ಇಳಿದಿರುತ್ತದೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಗ್ನೀಟಮ್ ಬಳ್ಳಿಯ ಮಾದರಿ ಬೇರೆ. ಅಲ್ಲಿ ಮರ ಮತ್ತು ಫ್ಲೋಯಮ್ ಒಂದು ಬಿಟ್ಟು ಒಂದರಂತೆ ಬಳೆಬಳೆಯಾಗಿ ಕೂಡಿರುತ್ತವೆ.

ಇಂಥ ವಿಚಿತ್ರಗಳು ಯುರೋಪಿಗೆ 19ನೆಯ ಶತಮಾನದ ಮೊದಲರ್ಧದಲ್ಲಿಯೇ ತಿಳಿದಿದ್ದುವು. ಆದರೆ ಅಲ್ಲಿಗೆ ತಲುಪುತ್ತಿದ್ದುದು ಹೆಚ್ಚಾಗಿ ಒಣಗಿಸಿದ ಎಲೆ, ಹೂವು. ದಪ್ಪ ಕಾಂಡಗಳು ಅಪರೂಪ. ಬಳ್ಳಿಯ ಒಳಗನ್ನು ಅರಿಯಬೇಕಾದರೆ ಕಾಡಿನಲ್ಲಿ ಬಾಳುವ ಒಬ್ಬನು ಬೇಕಾಗಿದ್ದನು. ಅಂಥವನು ಫ್ರಿಟ್ಸ್ ಮ್ಯೂಲರ್. 1822ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತನು ವೈದ್ಯಕೀಯವನ್ನು ಓದಿಯೂ ವೈದ್ಯನಾಗಲಿಲ್ಲ. ಪದವಿಗೆ ದೇವರ ಮತ್ತು ಸುವಾರ್ತೆಯ ಹೆಸರಿನಲ್ಲಿ ಪ್ರಮಾಣ ಮಾಡಬೇಕಾಗಿತ್ತು. ನಂಬದ ಮಾತನ್ನು ಆಡಲು ಅವನ ಮನಸ್ಸು ಒಪ್ಪಲಿಲ್ಲ. 1852ರಲ್ಲಿ ಹೆಂಡತಿ ಮಗುವಿನೊಡನೆ ಬ್ರೆಜಿಲ್ ಸೇರಿ, ಬ್ಲೂಮೆನೌ ಎಂಬ ಹೊಸ ನೆಲೆಯಲ್ಲಿ ಕೊಡಲಿ ಹಿಡಿದು ಕಾಡು ಕಡಿದು ಬೇಸಾಯ ಮಾಡಿದನು; ಮುಂದೆ ದೆಸ್ತೆರೋ ಪಟ್ಟಣದಲ್ಲಿ ಗಣಿತದ ಉಪಾಧ್ಯಾಯನಾದನು. ದೆಸ್ತೆರೋ ಎಂದರೆ ಗಡೀಪಾರು ಎಂದೇ ಅರ್ಥ!

1865ರಲ್ಲಿ ಡಾರ್ವಿನ್ನನು ಹಬ್ಬುವ ಸಸ್ಯಗಳ ಚಲನೆಯನ್ನು ಕುರಿತ ತನ್ನ ಪ್ರಬಂಧವನ್ನು ಮ್ಯೂಲರನಿಗೆ ಕಳುಹಿಸಿದನು. ಅದನ್ನೋದಿದ ಉಪಾಧ್ಯಾಯನು ಸುತ್ತಲಿನ ಬಳ್ಳಿಗಳನ್ನೆಲ್ಲ ಹೊಸ ಕಣ್ಣಿನಿಂದ ನೋಡತೊಡಗಿದನು. ಅವನು ಬರೆದು ತಿಳಿಸಿದ ಸಂಗತಿಗಳನ್ನು ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಪತ್ರಿಕೆ ಪ್ರಕಟಿಸಿತು. 1866ರಲ್ಲಿ ದೆಸ್ತೆರೋ ಸುತ್ತಲಿನ ಬಳ್ಳಿಗಳ ಮರವನ್ನೇ ಕುರಿತು ಅವನು ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದನು. ಇಪ್ಪತ್ತು ವರ್ಷಗಳ ಮೇಲೆ ಷೆಂಕ್ ಎಂಬ ತರುಣ ವಿದ್ವಾಂಸನು ಬ್ರೆಜಿಲಿಗೆ ಹೋಗಿ, ಬ್ಲೂಮೆನೌವಿನಲ್ಲಿ ವೃದ್ಧ ಮ್ಯೂಲರನನ್ನು ಕಂಡನು. 1892 ಮತ್ತು 1893ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಅವನ ಗ್ರಂಥ ಈ ಶಾಸ್ತ್ರದ ತಳಹದಿಯಾಯಿತು. ಅದೇ ಹೊತ್ತಿಗೆ, 1891ರಲ್ಲಿ, ರಾಜಧಾನಿಗೆ ಬಂದು ನೆಲೆಸಲೊಲ್ಲದ ಕಾರಣಕ್ಕೆ ಮ್ಯೂಲರ್ ತನ್ನ ಸರ್ಕಾರಿ ಹುದ್ದೆಯನ್ನು ಕಳೆದುಕೊಂಡಿದ್ದನು. ಡಾರ್ವಿನ್ನನು ‘ವೀಕ್ಷಕರ ರಾಜಕುಮಾರ’ ಎಂದು ಕರೆದ ಈತನು 1897ರಲ್ಲಿ ಬ್ಲೂಮೆನೌವಿನಲ್ಲಿಯೇ ತೀರಿಕೊಂಡನು. ಹದಿನೇಳು ವರ್ಷ ಪತ್ರ ಬರೆದುಕೊಂಡ ಆ ಇಬ್ಬರು ಒಮ್ಮೆಯೂ ಮುಖಾಮುಖಿಯಾಗಲಿಲ್ಲ.

ಆ ಶಿಲುಬೆ ಮೂಡುವ ಬಗೆಯನ್ನು ಈಗ ಇನ್ನಷ್ಟು ಬಲ್ಲೆವು. ಕೇಂಬಿಯಮಿನ ನಾಲ್ಕು ಭಾಗಗಳು ಒಂದು ಹಂತದಲ್ಲಿ ಮರವನ್ನು ಕಡಿಮೆ ಮಾಡಿ ಫ್ಲೋಯಮನ್ನು ಹೆಚ್ಚಾಗಿ ಹೆರುತ್ತವೆ. ಇದು ಆ ಬಳ್ಳಿಗಳ ಕುಲದಲ್ಲಿ ಬೆಳೆದುಬಂದ ಪರಿಯನ್ನು 2009ರಲ್ಲಿ ಸಾವೋ ಪೌಲೋ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದರು. ಗಟ್ಟಿ ಮರದ ನಡುವೆ ಮೃದುವಾದ ಜೀವಂತ ಅಂಗಾಂಶ ಸೇರಿದ್ದರಿಂದ ಕಾಂಡವು ಹುರಿಗೊಳಿಸಿದ ಹಗ್ಗದ ಎಳೆಗಳಂತೆ ತಿರುಚಿದರೂ ಮುರಿಯದು; ಸೀಳಿದ ಕಡೆ ಆ ಜೀವಕೋಶಗಳೇ ಹೊಸದಾಗಿ ಬೆಳೆದು ಗಾಯ ತುಂಬುತ್ತವೆ; ಹೊರಗಿನ ತೊಗಟೆ ಉಜ್ಜಿಹೋದರೂ ಒಳಗೆ ಆಹಾರದ ಹಾದಿ ಉಳಿದಿರುತ್ತದೆ ಎಂದು ಸಸ್ಯಶಾಸ್ತ್ರಜ್ಞರು ಭಾವಿಸುತ್ತಾರೆ. ಅಂದರೆ ಬಳ್ಳಿಯ ಬಲವಿರುವುದು ಅದರ ಗಟ್ಟಿತನದಲ್ಲಿ ಮಾತ್ರವಲ್ಲ, ಗಟ್ಟಿತನದ ನಡುವೆ ಅದು ಉಳಿಸಿಕೊಂಡ ಮೃದುತ್ವದಲ್ಲಿ. ಬಾಗಲೊಲ್ಲದ ಮನುಷ್ಯನೊಬ್ಬನು ಬಾಗಿ ಬದುಕುವ ಬಳ್ಳಿಯ ಮರ್ಮಕ್ಕೆ ಹಾದಿ ತೋರಿದುದು ಈ ಇತಿಹಾಸದ ವಿನೋದ.

ಬೆಂಗಳೂರಿನ ತೋಟಗಳಲ್ಲಿ ಚಳಿಗಾಲ ಬಂತೆಂದರೆ ಕಿತ್ತಳೆ ಬಣ್ಣದ ಗೊಂಚಲುಗಳಿಂದ ಗೋಡೆಯನ್ನೇ ಮುಚ್ಚುವ ಪೈರೋಸ್ಟೀಜಿಯ ಬಳ್ಳಿಯನ್ನು ನೀವು ಕಂಡಿರುತ್ತೀರಿ. ಅದರ ತವರು ಬ್ರೆಜಿಲ್, ಬಿಗ್ನೋನಿಯದ ಬಳಗವೇ. ಮಾಲಿಯು ಅದರ ಹಳೆಯ ಕಾಂಡವನ್ನು ಸವರಿ ಬಿಸುಟಾಗ, ಶ್ರೋತೃಗಳೆ, ಆ ತುಂಡನ್ನು ಒಮ್ಮೆ ಎತ್ತಿಕೊಂಡು ನೋಡಿ. ಹೂವನ್ನು ಕಂಡ ಕಣ್ಣು ಒಳಗಿನ ಶಿಲುಬೆಯನ್ನೂ ಕಾಣಲಿ.